ಹಳೇ ಬಿಲ್ಡಿಂಗ್‌ನಲ್ಲಿ ಬಾಡಿಗೆ ಮನೆ: ಡಿಪಾಜಿಟ್ ಕೊಡೋಕ್ಕಿಂತ ಮೊದಲು ಗೋಡೆ ಮುಟ್ಟಿ ನೋಡ್ರಿ

ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತವರಿಗೂ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೇಳ್ತಿರೋರಿಗೂ, ಮಗ್ಗದ ಸದ್ದಿನ ನಡುವೆ ವಾಲ್ಯೂಮ್ ಏರಿಸಿಕೊಂಡವರಿಗೂ ನಮಸ್ಕಾರ. ಹೊಸದಾಗಿ ಕೇಳೋರಿಗೆ ಒಂದು ಮಾತು: ನಾನು ಹಿಪ್ಪರಗಿಯವಳು, ಓದಿದ್ದು ಬಿ.ಕಾಂ, ಮಾತಾಡೋದು ದುಡ್ಡಿನ ಬಗ್ಗೆ. ಶೇರು, ಮ್ಯೂಚುವಲ್ ಫಂಡ್ ಅಂತ ಭಾಳ ಮಾತಾಡಿದ್ದೀನಿ. ಇವತ್ತು ನಮ್ಮ ಸಂಬಳದ ದೊಡ್ಡ ಪಾಲು ಎಲ್ಲಿ ಹೋಗ್ತದೋ ಅದರ ಬಗ್ಗೆ ಮಾತಾಡೋಣ. ಬಾಡಿಗೆ ಮನೆ. ಅದೂ ಹಳೇ ಬಿಲ್ಡಿಂಗ್‌ನ ಬಾಡಿಗೆ ಮನೆ.

ನಮ್ಮ ಕಡೆ ಹಳ್ಳಿಯಿಂದ ಜಮಖಂಡಿಗೆ, ಮುಧೋಳಕ್ಕೆ, ಬನಹಟ್ಟಿಗೆ ಕೆಲಸಕ್ಕೆ ಅಂತ ಬರೋ ಹುಡುಗ ಹುಡುಗಿಯರು ಎಷ್ಟು ಜನ ನೋಡ್ರಿ. ಬ್ಯಾಂಕು, ಪ್ರೈವೇಟ್ ಸ್ಕೂಲು, ಆಸ್ಪತ್ರೆ, ಸಕ್ಕರೆ ಕಾರ್ಖಾನೆ, ಫೈನಾನ್ಸ್ ಆಫೀಸು. ಹೊಸ ಲೇಔಟ್‌ನ ಮನೆ ತುಟ್ಟಿ. ಹಾಗಾಗಿ ಸಿಗೋದು ಊರ ಒಳಗಿನ ಇಪ್ಪತ್ತೈದು, ಮೂವತ್ತು ವರ್ಷದ ಕಟ್ಟಡ. ಹೊರಗೆ 'ಅಪಾರ್ಟ್‌ಮೆಂಟ್' ಅಂತ ಬೋರ್ಡ್ ಇರ್ತದೆ, ಒಳಗೆ ಲಿಫ್ಟ್ ಇರಲ್ಲ, ವಾಚ್‌ಮನ್ ಇರಲ್ಲ. ಕೆಳಗೆ ಅಂಗಡಿ, ಮೇಲೆ ನಾಲ್ಕೋ ಆರೋ ಮನೆ.

ಹಳೇದು ಅಂದ ಕೂಡಲೇ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಎಷ್ಟೋ ಹಳೇ ಕಟ್ಟಡಗಳು ಗಟ್ಟಿ ಇದಾವೆ. ರೂಮು ದೊಡ್ಡದಿರ್ತದೆ, ಬಜಾರ ಹತ್ತಿರ ಇರ್ತದೆ, ಅಕ್ಕಪಕ್ಕದವರು ಒಳ್ಳೆಯವರಿರ್ತಾರೆ. ನಾನು ಹೇಳೋದು ಒಂದೇ ಮಾತು. ಬಾಡಿಗೆದಾರರ ಕೈಯಲ್ಲಿ ಬಲ ಇರೋದು ಡಿಪಾಜಿಟ್ ಕೊಡೋವರೆಗೆ ಮಾತ್ರ. ದುಡ್ಡು ಕೈ ದಾಟಿದ ಮೇಲೆ ನೀವು ಕೇಳೋದು ವಿನಂತಿ. ಅದಕ್ಕೂ ಮುಂಚೆ ಕೇಳಿದರೆ ಅದು ಷರತ್ತು. ಅದಕ್ಕೇ ಎಲ್ಲಾ ನೋಡೋದು, ಮುಟ್ಟೋದು, ಕೇಳೋದು ಆ ದಿನಕ್ಕಿಂತ ಮೊದಲೇ ಆಗಬೇಕು.

ಕಳೆದ ಬೇಸಿಗೆಯಲ್ಲಿ ನನ್ನ ಗೆಳತಿ, ಆಕೆಯ ಗಂಡ ಜಮಖಂಡಿಯಲ್ಲಿ ಮನೆ ಹುಡುಕ್ತಿದ್ದರು. ಅವರಿಗೆ ಎಂಟು ತಿಂಗಳ ಕೂಸು. ಹಿಂದಿನ ಚಳಿಗಾಲದಲ್ಲಿ ಆ ಕೂಸಿಗೆ ಎದೆ ಕಟ್ಟಿ ಎರಡು ಸಲ ನೆಬ್ಯುಲೈಜರ್ ಹಚ್ಚಬೇಕಾಗಿತ್ತು. ಒಂದು ಹಳೇ ಮೂರಂತಸ್ತಿನ ಕಟ್ಟಡದಲ್ಲಿ ಕೆಳಗಿನ ಮನೆ ಖಾಲಿ ಇತ್ತು. ಬಾಡಿಗೆ ಸೋವಿ. "ನೀನೂ ಬಾ, ನಿನ್ನ ಲೆಕ್ಕದ ಕಣ್ಣು ಬೇಕು" ಅಂದಳು. ಹೋದೆ. ಅವತ್ತು ನಾವು ಏನೇನು ನೋಡಿದೆವು ಅನ್ನೋದನ್ನೇ ಇವತ್ತು ಒಂದೊಂದಾಗಿ ಹೇಳ್ತೀನಿ.

ಮೊದಲು ಗೋಡೆ. ಒಳಗೆ ಹೋದ ಕೂಡಲೇ ಹೊಸ ಪೇಂಟ್ ವಾಸನೆ ಬಂತು. ಖುಷಿ ಆಗೋ ವಿಷಯ ಅನಿಸ್ತದೆ, ಅಲ್ವಾ? ಆದರೆ ಪೇಂಟ್ ಹಚ್ಚಿದ್ದು ನೆಲದಿಂದ ಮೂರು ಅಡಿವರೆಗೆ ಮಾತ್ರ, ಮೇಲಿನದು ಹಳೇದು. ಹೀಗಿದ್ದರೆ ಕೇಳಲೇಬೇಕು: ಕೆಳಗೆ ಮಾತ್ರ ಯಾಕೆ? ಅಂಗೈ ಇಟ್ಟು ನೋಡಿದರೆ ಗೋಡೆ ತಣ್ಣಗೆ, ಹಸಿ. ಕಪಾಟಿನ ಒಳಗೆ ಮೊಬೈಲ್ ಟಾರ್ಚ್ ಬಿಟ್ಟರೆ ಮೂಲೆಯಲ್ಲಿ ಕರಿ ಬೂಸ್ಟು. ಕಪಾಟಿನ ಒಳಗೆ ಯಾರೂ ಪೇಂಟ್ ಹಚ್ಚಲ್ಲ, ಅದಕ್ಕೇ ಅಲ್ಲಿ ನೋಡಬೇಕು. ಬಚ್ಚಲದ ಹಿಂದಿನ ಗೋಡೆ, ಅಡುಗೆ ಕಟ್ಟೆಯ ಕೆಳಗೆ, ಬಾಗಿಲ ಚೌಕಟ್ಟಿನ ಬುಡ, ಈ ಜಾಗಗಳನ್ನೂ ಬಿಡಬ್ಯಾಡ್ರಿ.

ಬೂಸ್ಟು ನೋಡೋಕೆ ಹೊಲಸು ಅನ್ನೋದಷ್ಟೇ ಸಮಸ್ಯೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ಹಸಿ ಮತ್ತು ಬೂಸ್ಟಿನ ಬಗ್ಗೇನೇ ಪ್ರತ್ಯೇಕ ಮಾರ್ಗಸೂಚಿ ತಂದಿತು. ಹಸಿ ಗೋಡೆಯ ಮನೆಯಲ್ಲಿ ಇರೋರಿಗೆ ಕೆಮ್ಮು, ಉಬ್ಬಸ, ಅಸ್ತಮಾ ಹೆಚ್ಚು ಅನ್ನೋದು ಅದರ ಸಾರ. ಎದೆ ಕಟ್ಟೋ ಕೂಸು ಇರೋ ಮನೆಗೆ ಇದು ಸಣ್ಣ ವಿಷಯ ಅಲ್ಲ. ಬಾಡಿಗೆಯಲ್ಲಿ ಉಳಿಸಿದ್ದು ಒಂದೇ ಸಲ ಆಸ್ಪತ್ರೆಗೆ ಹೋದರೆ ಮುಗೀತು.

ಎರಡನೇದು ಬಿರುಕು. ನಮ್ಮದು ಎರೆಮಣ್ಣಿನ ಸೀಮೆ. ಮಳೆಗಾಲದಲ್ಲಿ ಎರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಹೊಲದಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡೋದನ್ನ ನೀವೇ ನೋಡಿರ್ತೀರಿ. ಅದೇ ಮಣ್ಣಿನ ಮೇಲೆ ಪಾಯ ಸರಿಯಾಗಿ ಹಾಕದೆ ಕಟ್ಟಿದರೆ ಕಟ್ಟಡವೂ ಅದರ ಜೊತೆ ಏರಿ ಇಳೀತದೆ. ಆಗ ಬಾಗಿಲು, ಕಿಟಕಿ ಮೂಲೆಯಿಂದ ಓರೆಯಾಗಿ, ಪಾವಟಿಗೆ ಥರಾ ಬಿರುಕು ಬರ್ತದೆ. ಕೂದಲೆಳೆಯ ಬಿರುಕು ಪ್ಲಾಸ್ಟರ್‌ನಲ್ಲಿ ಎಲ್ಲಾ ಕಡೆ ಇರ್ತದೆ, ಅದಕ್ಕೆ ಹೆದರಬೇಕಿಲ್ಲ. ಬಿರುಕು ಐದು ಮಿಲಿಮೀಟರ್ ದಾಟಿದ್ದರೆ, ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಂಡರೆ, ಬಾಗಿಲು ಚೌಕಟ್ಟಿಗೆ ಸಿಕ್ಕಿ ಮುಚ್ಚದಿದ್ದರೆ, ಎಂಜಿನಿಯರ್ ನೋಡದೆ ಆ ಮನೆ ಹಿಡೀಬ್ಯಾಡ್ರಿ.

ಆಮೇಲೆ ಕತ್ತೆತ್ತಿ ಸ್ಲ್ಯಾಬ್ ನೋಡ್ರಿ. ಕಂದು ಬಣ್ಣದ ಕಲೆ, ಉದುರಿದ ಪ್ಲಾಸ್ಟರ್, ಹೊರಗೆ ಕಾಣೋ ತುಕ್ಕು ಹಿಡಿದ ಕಬ್ಬಿಣ ಇದಾವಾ? ಕಬ್ಬಿಣ ತುಕ್ಕು ಹಿಡಿದರೆ ಮೊದಲಿಗಿಂತ ಹೆಚ್ಚು ಜಾಗ ಬೇಡ್ತದೆ, ಅದು ಕಾಂಕ್ರೀಟನ್ನು ಒಳಗಿಂದಲೇ ಒಡೀತದೆ. ಮೇಲೆ ಸಿಮೆಂಟ್ ಬಳಿದರೆ ಅದು ನಿಲ್ಲಲ್ಲ. ಬಾಲ್ಕನಿ ಅಡಿಭಾಗ, ಕೆಳಗಿನ ಕಂಬಗಳು, ಟಾಕಿ ಕೂತಿರೋ ಜಾಗದ ಕೆಳಗಿನ ಸ್ಲ್ಯಾಬ್, ಈ ಮೂರೂ ಕಡೆ ತಪ್ಪದೆ ನೋಡ್ರಿ.

ಇದು ಹೆದರಿಸೋ ಮಾತಲ್ಲ. 2021ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ವಿಲ್ಸನ್ ಗಾರ್ಡನ್ ಹತ್ತಿರ ಲಕ್ಕಸಂದ್ರದಲ್ಲಿ ಒಂದು ಹಳೇ ಮೂರಂತಸ್ತಿನ ಕಟ್ಟಡ ಹಗಲು ಹೊತ್ತಿನಲ್ಲೇ ಕುಸಿದು ಬಿತ್ತು. ಆ ವಿಡಿಯೋ ನಿಮ್ಮ ಫೋನಿಗೂ ಬಂದಿರ್ತದೆ. ಅಲ್ಲಿ ಇದ್ದವರು ಮೆಟ್ರೊ ಕಾಮಗಾರಿಯ ಕೆಲಸಗಾರರು. ಕಟ್ಟಡ ವಾಲ್ತಿರೋದು ಗೊತ್ತಾಗಿ ಎಲ್ಲರೂ ಹೊರಗೆ ಬಂದಿದ್ದರು, ಹಾಗಾಗಿ ಜೀವ ಉಳೀತು. ಕಟ್ಟಡ ಬೀಳೋಕೆ ಮುಂಚೆ ಸೂಚನೆ ಕೊಡ್ತದೆ. ಅದನ್ನ ಓದೋಕೆ ಕಲಿತಿರಬೇಕು, ಅಷ್ಟೇ.

ಮೂರನೇದು ನದಿ. ನಮ್ಮೂರಲ್ಲಿ ಬ್ಯಾರೇಜ್ ಇದೆ, ಕೃಷ್ಣೆಯ ನೀರು ಏರೋದು ಇಳಿಯೋದು ನಮಗೆ ಹೊಸದಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ತುಂಬಿ ಬಂದಾಗ ಬಾಗಲಕೋಟೆ ಜಿಲ್ಲೆಯ ಸ್ಥಿತಿ ಏನಾಗಿತ್ತು ಅಂತ ನೆನಪಿದೆಯಲ್ಲ? ಜಮಖಂಡಿ ತಾಲ್ಲೂಕಿನ ನದಿ ದಂಡೆಯ ಹಳ್ಳಿಗಳಿಗೆ ನೀರು ಹೊಕ್ಕಿತು. ಮುಧೋಳ ಪಟ್ಟಣದೊಳಗೂ ಘಟಪ್ರಭೆಯ ನೀರು ಬಂತು. ಹಾಗಾಗಿ ನದಿ ಹತ್ತಿರದ ಊರಲ್ಲಿ ಕೆಳಗಿನ ಮನೆ ನೋಡ್ತಿದ್ದರೆ ಒಂದು ಪ್ರಶ್ನೆ ಕೇಳಲೇಬೇಕು: "2019ರಾಗ ನೀರು ಎಲ್ಲೀತನ ಬಂದಿತ್ರಿ?"

ಈ ಪ್ರಶ್ನೆ ಮಾಲಕರಿಗೆ ಬ್ಯಾಡ, ಎದುರಿನ ಕಿರಾಣಿ ಅಂಗಡಿಯವರಿಗೆ ಕೇಳ್ರಿ. "ಕಾಕಾ, ಮಹಾಪೂರ ಬಂದಾಗ ಈ ಓಣಿಗೆ ನೀರು ಬಂದಿತ್ತೇನ್ರಿ?" ಅಂದರೆ ಕೈಯೆತ್ತಿ ಗೋಡೆ ಮೇಲೆ ತೋರಿಸ್ತಾರೆ. ಜೊತೆಗೆ ನೀವೂ ಹುಡುಕ್ರಿ. ಜಿನೆ ಅಡಿಯ ಗೋಡೆಯಲ್ಲಿ, ಮೀಟರ್ ಬೋರ್ಡ್ ಹಿಂದೆ ಮಣ್ಣಿನ ಗೆರೆ ಉಳಿದಿರ್ತದೆ. ಮೀಟರ್ ಬೋರ್ಡ್ ಆ ಗೆರೆಗಿಂತ ಕೆಳಗಿದ್ದರೆ ಕರೆಂಟಿನ ಅಪಾಯವೂ ಇದೆ. ಇನ್ನೊಂದು ಮಾತು ತಿಳ್ಕೋರಿ: ಪ್ರವಾಹದಲ್ಲಿ ಮನೆ ಬಿದ್ದರೆ ಕಟ್ಟಿಸಿಕೊಳ್ಳೋಕೆ ಸರ್ಕಾರ ಕೊಡೋ ಪರಿಹಾರ ಮನೆ ಮಾಲಕರಿಗೆ. ನಿಮ್ಮ ಫ್ರಿಜ್ಜು, ಗಾದಿ, ಸರ್ಟಿಫಿಕೇಟು ನೀರಲ್ಲಿ ಹೋದರೆ ಆ ಲೆಕ್ಕದಲ್ಲಿ ಬರಲ್ಲ.

ನಾಲ್ಕನೇದು ದಿನಾ ಬಳಸೋ ನೀರು. "ನೀರು ಬರ್ತೈತೇನ್ರಿ?" ಅಂದರೆ "ಭರಪೂರ ಬರ್ತೈತಿ" ಅಂತಾನೇ ಉತ್ತರ ಬರ್ತದೆ. ಪ್ರಶ್ನೆ ಬದಲಿಸ್ರಿ. ನಗರಸಭೆ ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು? ಬೋರ್ ಇದೆಯಾ? ಮೇಲಿನ ಟಾಕಿ ಎಷ್ಟು ಲೀಟರ್, ಎಷ್ಟು ಮನೆಗೆ?

ಲೆಕ್ಕ ನೋಡ್ರಿ. ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋದು ಯೋಜನೆ ಮಾಡೋರು ಹಿಡಿಯೋ ಅಳತೆ. ಆರು ಮನೆ, ಮನೆಗೆ ನಾಲ್ಕು ಜನ, ಒಟ್ಟು 24 ಜನ. ದಿನಕ್ಕೆ 3,240 ಲೀಟರ್ ಬೇಕು. ಮೇಲೆ ಇರೋದು 2,000 ಲೀಟರ್ ಟಾಕಿ ಅಂದರೆ ಒಂದು ದಿನಕ್ಕೂ ಸಾಲಲ್ಲ. ದಿನಕ್ಕೆ ಎರಡು ಸಲ ಮೋಟರ್ ಹಚ್ಚಬೇಕು. ಯಾರು ಹಚ್ತಾರೆ, ಆ ಬಿಲ್ಲು ಯಾರದು, ಕರೆಂಟ್ ಹೋದಾಗ ಏನು? ಇವೆಲ್ಲ ಮೊದಲೇ ಕೇಳೋ ಪ್ರಶ್ನೆ.

ಬೋರ್ ನೀರಾದರೆ ನಳದ ಬಾಯಿ ನೋಡ್ರಿ. ಬಿಳಿ ಪದರ ಕಟ್ಟಿದ್ದರೆ ನೀರು ಗಡಸು. ಸಾಬೂನು ನೊರೆ ಬರಲ್ಲ, ಗೀಜರ್ ಕಾಯಿಲ್ ಬೇಗ ಹೋಗ್ತದೆ. ಕುಡಿಯೋ ನೀರಿನ ಭಾರತೀಯ ಮಾನಕದ ಪ್ರಕಾರ ಕರಗಿದ ಲವಣ, ಅಂದ್ರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲ ಇಲ್ಲದಿದ್ದರೆ 2,000ದವರೆಗೆ ಒಪ್ಪಬಹುದು. ವಾಟರ್ ಫಿಲ್ಟರ್ ರಿಪೇರಿ ಮಾಡೋರ ಹತ್ತಿರ ಪೆನ್ನಿನಂಥ ಮೀಟರ್ ಇರ್ತದೆ, ಒಂದು ಬಾಟ್ಲಿ ನೀರು ಒಯ್ದರೆ ಎರಡು ನಿಮಿಷದ ಕೆಲಸ.

ಐದನೇದು ಕರೆಂಟು. ಮೊದಲ ಪ್ರಶ್ನೆ: ಈ ಮನೆಗೆ ಹೆಸ್ಕಾಂನ ಬೇರೆ ಮೀಟರ್, ಬೇರೆ ಆರ್‌ಆರ್ ನಂಬರ್ ಇದೆಯಾ? ಯಾಕಂದ್ರೆ 2023ರ ಆಗಸ್ಟ್‌ನಿಂದ ಗೃಹಜ್ಯೋತಿ ಇದೆ, ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ, ಹಿಂದಿನ ಸರಾಸರಿ ಬಳಕೆ ನೋಡಿ ಉಚಿತ. ಬಾಡಿಗೆದಾರರಿಗೂ ಅದು ಸಿಗ್ತದೆ. ಆದರೆ ನಿಮ್ಮ ಆಧಾರ್ ಆ ಮನೆಯ ಆರ್‌ಆರ್ ನಂಬರ್‌ಗೆ ಜೋಡಣೆ ಆಗಬೇಕು. ಇಡೀ ಬಿಲ್ಡಿಂಗಿಗೆ ಒಂದೇ ಮೀಟರ್, ಒಳಗೆ ಸಬ್‌ಮೀಟರ್ ಅಂದರೆ ಎಲ್ಲರ ಬಳಕೆ ಸೇರಿ 200 ದಾಟ್ತದೆ, ಪೂರ್ತಿ ಬಿಲ್ ಬರ್ತದೆ. ಬೇರೆ ಮೀಟರ್ ಇದ್ದರೂ ಹಿಂದಿನ ಬಾಡಿಗೆದಾರರ ಜೋಡಣೆ ತೆಗೆಸಿದ್ದಾರಾ ಅಂತ ಕೇಳ್ರಿ.

ಆಮೇಲೆ ವೈರಿಂಗ್. ಎರಡು ಸಾವಿರ ವ್ಯಾಟ್ ಗೀಜರ್ ಸುಮಾರು ಒಂಬತ್ತು ಆಂಪಿಯರ್ ಎಳೀತದೆ. ಅದನ್ನ ಆರು ಆಂಪಿಯರ್‌ನ ಸಣ್ಣ ಪ್ಲಗ್ಗಿಗೆ ಹಾಕಿದರೆ ಬೋರ್ಡು ಬಿಸಿಯಾಗಿ ಸುಡ್ತದೆ. ಬಚ್ಚಲದಲ್ಲೂ ಅಡುಗೆಮನೆಯಲ್ಲೂ 16 ಆಂಪಿಯರ್‌ನ ದೊಡ್ಡ ಪ್ಲಗ್ ಬೇಕು. ಅರ್ಥಿಂಗ್ ಇದೆಯಾ? ಮೇನ್ ಬೋರ್ಡಿನಲ್ಲಿ ಫ್ಯೂಸ್ ತಂತಿ ಕಟ್ಟಿದ್ದಾರಾ, ಎಂಸಿಬಿ ಹಾಕಿದ್ದಾರಾ? ಶಾಕ್ ಹೊಡೆದ ತಕ್ಷಣ ಕರೆಂಟ್ ಕಡಿಯೋ ಆರ್‌ಸಿಸಿಬಿ, 30 ಮಿಲಿ ಆಂಪಿಯರ್‌ದು, ಇದೆಯಾ? ಹಳೇ ಕಟ್ಟಡದಲ್ಲಿ ಇದು ಇರೋದು ಕಡಿಮೆ. ಹಸಿ ಗೋಡೆ, ಹಳೇ ವೈರು ಎರಡೂ ಸೇರಿದರೆ ಜೀವಕ್ಕೇ ಅಪಾಯ. ಗುರುತಿನ ಎಲೆಕ್ಟ್ರಿಷಿಯನ್ ಒಬ್ಬರನ್ನ ಅರ್ಧ ಗಂಟೆ ಕರ್ಕೊಂಡು ಹೋಗ್ರಿ, ಅವರ ಕೂಲಿ ಕೊಡ್ರಿ. ಅದು ಖರ್ಚಲ್ಲ.

ಆರನೇದು ಹೊತ್ತು. ಮನೆಯನ್ನು ಒಂದೇ ಸಲ ನೋಡಬ್ಯಾಡ್ರಿ. ಮಾಲಕರು ಮುಂಜಾನೆ ಹತ್ತಕ್ಕೆ ಕರೀತಾರೆ, ಆಗ ಎಲ್ಲಾ ಮನೆಯೂ ಚಂದ. ಸಂಜೆ ನಾಲ್ಕಕ್ಕೆ ಇನ್ನೊಮ್ಮೆ ಹೋಗ್ರಿ. ಮೇಲಿನ ಅಂತಸ್ತಾದರೆ ನಮ್ಮ ಬೇಸಿಗೆಯಲ್ಲಿ ಸ್ಲ್ಯಾಬ್ ಕಾದ ಹಂಚಾಗಿರ್ತದೆ, ರಾತ್ರಿ ಹನ್ನೊಂದರವರೆಗೂ ಬಿಸಿ ಬಿಡ್ತಾ ಇರ್ತದೆ. ರಾತ್ರಿ ಒಂಬತ್ತಕ್ಕೂ ಒಮ್ಮೆ ಹೋಗ್ರಿ. ರಬಕವಿ-ಬನಹಟ್ಟಿಯಾದರೆ ಪಕ್ಕದಲ್ಲೇ ಪವರ್‌ಲೂಮ್ ಇರಬಹುದು. ಮಗ್ಗ ನಡೆದರೇನೇ ಅವರ ಊಟ, ಅದನ್ನ ನಿಲ್ಲಿಸ್ರಿ ಅನ್ನೋ ಹಕ್ಕು ನಮಗಿಲ್ಲ. ಆದರೆ ನಿದ್ದೆಗೆಡೋ ಕೂಸು, ಪರೀಕ್ಷೆಗೆ ಓದೋ ತಮ್ಮ ಇದ್ದರೆ ನಾವೇ ಬೇರೆ ಓಣಿ ನೋಡಬೇಕು. ಮೇನ್ ರೋಡಿನ ಮನೆಯಾದರೆ ಕಬ್ಬು ನುರಿಸೋ ಹಂಗಾಮು ನೆನಪಿಡ್ರಿ. ಹಾಡು ಹಚ್ಕೊಂಡು ಹೋಗೋ ಕಬ್ಬಿನ ಟ್ರ್ಯಾಕ್ಟರ್ ಬೇಸಿಗೆಯಲ್ಲಿ ಮನೆ ನೋಡಿದವರಿಗೆ ಕೇಳ್ಸಲ್ಲ.

ರಾತ್ರಿ ಹೋದಾಗ ಇನ್ನೊಂದನ್ನೂ ನೋಡ್ರಿ. ಪಾವಟಿಗೆಗೆ ದೀಪ ಇದೆಯಾ? ಕೆಳಗಿನ ಗ್ರಿಲ್ ಗೇಟಿಗೆ ಬೀಗ ಹಾಕ್ತಾರಾ? ಕೀಲಿ ಯಾರ ಹತ್ತಿರ? ಕಿಟಕಿಗೆಲ್ಲ ಗ್ರಿಲ್, ಇಳಿಯೋಕೆ ಒಂದೇ ದಾರಿ, ಆ ದಾರಿಗೆ ಬೀಗ, ಕೀಲಿ ಮಾಲಕರ ತಲೆದಿಂಬಿನ ಕೆಳಗೆ. ಬೆಂಕಿ ಬಿದ್ದರೆ ಏನ್ ಮಾಡ್ತೀರಿ? ಗೇಟಿನ ಒಂದು ಕೀಲಿ ನಿಮ್ಮ ಕೈಗೆ ಬರಲೇಬೇಕು. ಒಬ್ಬಂಟಿ ಹೆಣ್ಣುಮಕ್ಕಳಾದರೆ ಬಾಗಿಲ ಒಳ ಚಿಲಕ, ಬಚ್ಚಲ ಕಿಟಕಿ ಎರಡನ್ನೂ ಕೈಯಿಂದ ಎಳೆದು ನೋಡ್ರಿ.

ಈಗ ನನ್ನ ಸಬ್ಜೆಕ್ಟಿಗೆ ಬರ್ತೀನಿ, ಲೆಕ್ಕ. ಇವು ಉದಾಹರಣೆಗೆ ಹಿಡಿದ ಅಂಕಿ, ನಿಮ್ಮೂರಿನ ದರ ಹಾಕಿಕೊಳ್ರಿ. ಮೊದಲ ಮನೆ ಬಾಡಿಗೆ 5,500. ನೀರು ಗಡಸು, ತಿಂಗಳಿಗೆ 15 ಕ್ಯಾನು, 20 ರೂಪಾಯಿಯಂತೆ 300. ಟ್ಯಾಂಕರ್ ಪಾಲು 500. ಸಬ್‌ಮೀಟರ್, 70 ಯೂನಿಟ್‌ಗೆ 9 ರೂಪಾಯಿಯಂತೆ 630. ಒಟ್ಟು 6,930. ಎರಡನೇ ಮನೆ ಬಾಡಿಗೆ 6,500. ನಗರಸಭೆ ನೀರು, ಸ್ವಂತ ಮೀಟರ್, ಕರೆಂಟ್ ಬಿಲ್ ಸೊನ್ನೆ. ಸೋವಿ ಅಂದುಕೊಂಡ ಮನೆಯೇ ತಿಂಗಳಿಗೆ 430, ವರ್ಷಕ್ಕೆ 5,160 ರೂಪಾಯಿ ತುಟ್ಟಿ. ಮೊದಲನೇದಕ್ಕೆ ಡಿಪಾಜಿಟ್ 60,000, ಎರಡನೇದಕ್ಕೆ 40,000 ಅಂತ ಇಟ್ಕೊಳ್ರಿ. ಹೆಚ್ಚಿನ 20,000ಕ್ಕೆ ಶೇಕಡಾ 7ರ ಬಡ್ಡಿ ಹಿಡಿದರೂ ವರ್ಷಕ್ಕೆ 1,400. ಅದೂ ಸೇರಿದರೆ 6,560. ಮನೆ ನೋಡೋಕೆ ಹೋದಾಗ ಬಾಡಿಗೆ ಎಷ್ಟು ಅಂತ ಕೇಳಿ ಸುಮ್ಮನಾಗಬ್ಯಾಡ್ರಿ. ಆ ಮನೆಯಲ್ಲಿ ಒಂದು ತಿಂಗಳು ಬದುಕೋಕೆ ಎಷ್ಟು ಬೇಕು ಅಂತ ಲೆಕ್ಕ ಹಾಕ್ರಿ.

ಕಾಗದದ ಬಗ್ಗೆ ಚಿಕ್ಕದಾಗಿ. 11 ತಿಂಗಳ ಕರಾರು ಯಾಕೆ ಅಂತ ಭಾಳ ಜನ ಕೇಳ್ತೀರಿ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರು ನೋಂದಣಿ ಆಗಲೇಬೇಕು, ಅದನ್ನ ತಪ್ಪಿಸೋಕೆ 11. ತಿಂಗಳು ಎಷ್ಟಾದರೂ ಇರಲಿ, ಮೂರು ಸಾಲು ಬರೆಸ್ರಿ: ಮನೆ ಬಿಟ್ಟ ಎಷ್ಟು ದಿನಕ್ಕೆ ಡಿಪಾಜಿಟ್ ವಾಪಸ್, ಯಾವುದಕ್ಕೆ ಎಷ್ಟು ಕಡೀತಾರೆ, ಸೋರಿಕೆ ಮತ್ತು ವೈರಿಂಗ್ ರಿಪೇರಿ ಯಾರ ಖರ್ಚು. ಸಾಮಾನು ಇಡೋಕ್ಕಿಂತ ಮುಂಚೆ ಖಾಲಿ ಮನೆಯ ಪೂರ್ತಿ ವಿಡಿಯೋ ಮಾಡಿ, ಅವತ್ತೇ ಮಾಲಕರಿಗೆ ವಾಟ್ಸಾಪ್‌ನಲ್ಲಿ ಕಳಿಸ್ರಿ. ಬಿಡುವಾಗ "ಈ ಬಿರುಕು ನೀವೇ ಮಾಡಿದ್ದು" ಅನ್ನೋ ಮಾತು ಬರಲ್ಲ.

ಇಷ್ಟೆಲ್ಲಾ ಹೇಳಿ ಒಂದು ಸತ್ಯ ಹೇಳದಿದ್ದರೆ ತಪ್ಪಾಗ್ತದೆ. ನಾಲ್ಕು ಮನೆ ನೋಡಿ ಒಂದನ್ನ ಆರಿಸೋ ಅವಕಾಶ ಎಲ್ಲರಿಗೂ ಇಲ್ಲ. ಮನೆ ತೋರಿಸೋಕ್ಕಿಂತ ಮೊದಲೇ "ನೀವು ಯಾವ ಪೈಕಿ?" ಅಂತ ಕೇಳ್ತಾರೆ. ಮದುವೆ ಆಗಿಲ್ಲ ಅಂದರೆ ಇಲ್ಲ, ಮಾಂಸ ತಿಂತೀರಿ ಅಂದರೆ ಇಲ್ಲ, ಹೆಸರು ಕೇಳಿದ ಮೇಲೆ "ಆಗಲೇ ಬೇರೆಯವರಿಗೆ ಕೊಟ್ಟೀವ್ರಿ". ಹೀಗೆ ಬಾಗಿಲು ಮುಚ್ಚಿಸಿಕೊಂಡವರೇ ಕೊನೆಗೆ ಅತಿ ಕೆಟ್ಟ ಮನೆಗೆ ಹೆಚ್ಚು ಬಾಡಿಗೆ ಕೊಡ್ತಾರೆ. ಆ ಅನ್ಯಾಯ ನನ್ನ ಪಟ್ಟಿಯಿಂದ ಸರಿ ಹೋಗಲ್ಲ. ಅಂಥವರಿಗೆ ನಾನು ಹೇಳೋದು, ಬೇರೆ ಯಾವುದರಲ್ಲಿ ಹೊಂದಾಣಿಕೆ ಮಾಡ್ಕೊಂಡರೂ ಮೂರರಲ್ಲಿ ಬ್ಯಾಡ: ಕಬ್ಬಿಣ ಕಾಣೋ ಸ್ಲ್ಯಾಬ್, ಅರ್ಥಿಂಗ್ ಇಲ್ಲದ ಕರೆಂಟು, ರಾತ್ರಿ ಹೊರಗೆ ಬರೋಕೆ ಆಗದ ಗೇಟು. ಮಿಕ್ಕಿದ್ದು ಖರ್ಚು, ಈ ಮೂರು ಜೀವ.

ನನ್ನ ಗೆಳತಿಯ ಮನೆ ಏನಾಯ್ತು ಅಂತ ಕೇಳ್ತೀರಿ. ಕೆಳಗಿನ ಮನೆ ಹಿಡೀಲಿಲ್ಲ. ಆದರೆ ಅದೇ ಕಟ್ಟಡದ ನಡುವಿನ ಅಂತಸ್ತಿನಲ್ಲಿ ಒಂದು ಮನೆ ಮುಂದಿನ ತಿಂಗಳು ಖಾಲಿ ಆಗೋದಿತ್ತು. ಗೋಡೆ ಒಣ, ಗಾಳಿ ಚೆನ್ನಾಗಿತ್ತು. ಒಂದೇ ತೊಂದರೆ, ಮೇಲಿನ ಮನೆ ಬಚ್ಚಲದಿಂದ ಒಂದು ಮೂಲೆಯಲ್ಲಿ ಸೋರಿಕೆ, ಜೊತೆಗೆ ಹಳೇ ಫ್ಯೂಸ್ ಬೋರ್ಡು. ಮಾಲಕರು ವಯಸ್ಸಾದವರು, ಸಿಟ್ಟಾಗಬಹುದು ಅಂತ ಅವಳಿಗೆ ಹಿಂಜರಿಕೆ. ಆಕೆಯ ಗಂಡ ನಿಧಾನಕ್ಕೆ ಹೇಳಿದ: "ಅಜ್ಜಾರ, ಕೂಸಿಗೆ ದಮ್ಮಿನ ತೊಂದ್ರಿ ಐತಿ. ಆ ಸೋರಿಕಿ ಬಂದ್ ಮಾಡಿಸಿ, ಬೋರ್ಡ್ ಬದ್ಲಿ ಮಾಡಿಸಿಕೊಡ್ರಿ. ಅವತ್ತೇ ಡಿಪಾಜಿಟ್ ತರ್ತೀವಿ." ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟ್ ವರ್ಷದಾಗ ಯಾರೂ ಕೇಳಿದ್ದಿಲ್ಲ ತಮ್ಮಾ. ಮಾಡಸ್ತೀನಿ, ತಗೋ" ಅಂದರು. ಮೂರು ವಾರ ಹಿಡೀತು. ಬಾಡಿಗೆ ಕೆಳಗಿನ ಮನೆಗಿಂತ 800 ಹೆಚ್ಚು. ಆ 800ಕ್ಕೆ ಅವರು ಬೇರೆ ಒಂದೆರಡು ಖರ್ಚು ಕಡಿಮೆ ಮಾಡ್ಕೊಂಡಿದ್ದಾರೆ.

ಎಲ್ಲಾ ಮಾಲಕರು ಹಾಗೆ ಒಪ್ಪಲ್ಲ, ನನಗೂ ಗೊತ್ತು. ಒಪ್ಪದಿದ್ದರೂ ನಿಮಗೆ ಒಂದು ವಿಷಯ ಗೊತ್ತಾಗ್ತದೆ: ದುಡ್ಡು ಕೊಡೋಕ್ಕಿಂತ ಮುಂಚೆ ಮಾಡಿಸದವರು, ಕೊಟ್ಟ ಮೇಲೆ ಖಂಡಿತ ಮಾಡಿಸಲ್ಲ. ಆ ಉತ್ತರಕ್ಕೆ ಖರ್ಚಾದದ್ದು ಒಂದು ಪ್ರಶ್ನೆ ಮಾತ್ರ.

ಈಗಾಗಲೇ ಹಳೇ ಮನೆಯಲ್ಲಿ ಇರೋರು ಇವತ್ತು ರಾತ್ರಿ ಟಾರ್ಚ್ ಹಿಡಿದು ಕಪಾಟಿನ ಒಳಗೆ, ಸ್ಲ್ಯಾಬ್ ಮೂಲೆಯಲ್ಲಿ ಒಮ್ಮೆ ನೋಡ್ರಿ. ಮನೆ ಹುಡುಕ್ತಿರೋ ಗೆಳೆಯರಿದ್ದರೆ ಈ ಸಂಚಿಕೆ ಅವರಿಗೆ ಕಳಿಸ್ರಿ. ನಿಮ್ಮ ಬಾಡಿಗೆ ಮನೆಯ ಅನುಭವ ವಾಯ್ಸ್ ನೋಟ್ ಮಾಡಿ, ಮಾಲಕರ ಹೆಸರು ಮಾತ್ರ ಬ್ಯಾಡ. ಮುಂದಿನ ವಾರ ಡಿಪಾಜಿಟ್ ವಾಪಸ್ ಕೊಡದಿದ್ದರೆ ಏನು ಮಾಡಬೇಕು ಅನ್ನೋದರ ಬಗ್ಗೆ ಮಾತಾಡೋಣ. ಬರ್ತೀನ್ರಿ, ನಮಸ್ಕಾರ.